ನಮ್ಮ ಮಾವನಿಗೆ ಜೋರಾಗಿ ಓಡೋ ಇಂಟರ್ನೆಟ್ ಬೇಕಿತ್ತು

ನಮ್ಮ ಸೋದರಮಾವನಷ್ಟು ಅವಸರದ ಮನುಷ್ಯ ದಾವಣಗೆರೆ ಜಿಲ್ಲೆಯಲ್ಲಿ ಇನ್ನೊಬ್ಬರು ಇದ್ದರೆ ದಯವಿಟ್ಟು ನನಗೆ ತೋರಿಸಬೇಡಿ. ಒಬ್ಬರನ್ನು ಸಂಭಾಳಿಸಿದ್ದೇ ಸಾಕಾಗಿದೆ! ಅವರು ಹುಟ್ಟಿದ್ದೇ ಅವಸರದಲ್ಲಿ. ಅಜ್ಜಿ ರಾಣೆಬೆನ್ನೂರಿನ ತವರಿನಿಂದ ದಾವಣಗೆರೆ ಆಸ್ಪತ್ರೆಗೆ ಅಂತ ಬಸ್ಸು ಹತ್ತಿದ್ದರಂತೆ. ಬಸ್ಸು ಹರಿಹರದ ಹೊಳೆ ಸೇತುವೆಯನ್ನು ಇನ್ನೂ ಅರ್ಧ ದಾಟಿತ್ತೋ ಇಲ್ಲವೋ, ಈ ಪುಣ್ಯಾತ್ಮ ಹೊರಗೆ ಬಂದೇಬಿಟ್ಟರಂತೆ. "ಒಂದು ಗಳಿಗೆ ತಡಕೊಂಡಿದ್ರೆ ಡಾಕ್ಟ್ರ ಕೈಯಾಗ ಹುಟ್ತಿದ್ದ. ಕಂಡಕ್ಟರ್ ಕೈಯಾಗ ಹುಟ್ಟಿದ, ಅದೂ..." ಅಂತ ಅಜ್ಜಿ ಶುರು ಮಾಡಿದರೆ ಸಾಕು, "ಅದೂ ಟಿಕೆಟ್ಟಿಲ್ದಂಗೆ!" ಅಂತ ಮಾವ ಮುಗಿಸಿಬಿಡುತ್ತಿದ್ದರು. ಅಜ್ಜಿ ಹೇಳಹೊರಟಿದ್ದು "ಅದೂ ಅಮಾವಾಸ್ಯೆ ದಿನ" ಅಂತ. ಪಾಪ, ಅದನ್ನು ಅವರು ಜೀವಮಾನದಲ್ಲಿ ಒಮ್ಮೆಯೂ ಪೂರ್ತಿ ಹೇಳಲಿಲ್ಲ.

ಇದೇ ನೋಡಿ ಮಾವನ ಕಾಯಿಲೆ. ಎದುರಿನವರ ಮಾತು ಮುಗಿಯುವ ತನಕ ಕಾಯುವುದು ಅವರ ಜಾತಕದಲ್ಲೇ ಇಲ್ಲ. ಅರ್ಧಕ್ಕೇ ಹಿಡಿದು ಉಳಿದರ್ಧವನ್ನು ತಾವೇ ಮುಗಿಸಬೇಕು. ಮುಗಿಸಿದ್ದು ಸರಿಯಾಗಿರುತ್ತಿತ್ತಾ? ಅಯ್ಯೋ, ಸರಿಯಾಗಿದ್ದರೆ ನಾನು ಇದನ್ನೆಲ್ಲ ಯಾಕೆ ಬರೆಯುತ್ತಿದ್ದೆ!

ಹೆಣ್ಣು ನೋಡೋಕೆ ಹೋದ ದಿನದ ಕತೆಯೇ ಕೇಳಿ. ಆವರಗೆರೆಯ ಮನೆ. ಚೌಚೌ ಬಾತ್ ತಿಂದಾಗಿದೆ, ಹುಡುಗಿ ಬಂದು ಕೂತಾಗಿದೆ. ಹುಡುಗಿಯ ಅಪ್ಪ ಹೆಗಲ ಮೇಲಿನ ವಲ್ಲಿ ಸರಿ ಮಾಡಿಕೊಂಡು, ಸಂಕೋಚದಿಂದ, "ಒಂದು ವಿಷಯ ಮುಚ್ಚಿಡಬಾರ್ದು. ನಮ್ಮ ಹುಡುಗಿಗೆ ಮಾತು ಸ್ವಲ್ಪ..." ಅಂದರು.

"ಕಮ್ಮಿ! ಚಲೋನೇ ಆತಲ್ರಿ. ನಮ್ಮನೇಲಿ ಮಾತಾಡಾಕೆ ಹೊತ್ತು ನನಗೇ ಸಾಲ್ತಿಲ್ಲ. ನನಗ ಒಪ್ಪಿಗೆ ಐತೆ!"

ಅತ್ತೆಗೆ ಮಾತು ಕಮ್ಮಿ ಇರಲಿಲ್ಲ. ಅತ್ತೆ ಉಗ್ಗುತ್ತಿದ್ದರು. ಮೊದಲಕ್ಷರ ಗಂಟಲಲ್ಲಿ ಸಿಕ್ಕಿಹಾಕಿಕೊಂಡು, ಕಣ್ಣು ಮುಚ್ಚಿ, ಕುತ್ತಿಗೆಯ ನರ ಬಿಗಿದು, ಆಮೇಲೆ ಯಾವಾಗಲೋ ಮಾತು ಹೊರಗೆ ಬೀಳುತ್ತಿತ್ತು. ಆದರೆ ಬಿದ್ದ ಮಾತಿಗೆ ಖಾರ ಜಾಸ್ತಿ! ಸಂಜೆ ಮಂಡಕ್ಕಿ ಮೆಣಸಿನಕಾಯಿ ಮಾಡಿದರೆ ಮಾವ ಒಲೆಯ ಹತ್ತಿರವೇ ನಿಂತು, ಬಾಣಲೆಯಿಂದ ಎದ್ದ ಮಿರ್ಚಿಯನ್ನು ಹಾಗೇ ಬಾಯಿಗೆ ಹಾಕಿಕೊಂಡು ಹಾ ಹೂ ಅಂತ ಅಡುಗೆಮನೆ ತುಂಬ ಕುಣಿಯೋರು. ಅತ್ತೆ ಜಾಲರಿ ಹಿಡಿದುಕೊಂಡು, "ಮ್... ಮ್... ಮೆಣಸಿನಕಾಯಿಗೂ ಒಂದೀಟು ಉಸಿರು ಬಿ... ಬಿಡಾಕೆ ಬಿಡ್ರಿ" ಅನ್ನೋರು. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಅವರ ಮಾತು ಸಿಕ್ಕಿಕೊಂಡಾಗ ಮನೆಮಂದಿಗೆಲ್ಲ ಎಲ್ಲಿಲ್ಲದ ಕನಿಕರ. "ಪ... ಪ..." ಅಂದರೆ "ಪಲ್ಯಾನಾ ಅತ್ತೆ?", "ಪಲ್ಯ ಬಡಸ್ಲೇನು?", "ಪಾಯಸಾನಾ?" ಅಂತ ಮೂರು ಕಡೆಯಿಂದ ಸಹಾಯ ಬರುತ್ತಿತ್ತು. ಅತ್ತೆ ಸುಮ್ಮನೆ ತಲೆಯಾಡಿಸಿಬಿಡೋರು. ಅವರಿಗೆ ಬೇಕಾಗಿದ್ದು ಏನೋ, ಅವರ ತಟ್ಟೆಗೆ ಬೀಳುತ್ತಿದ್ದದ್ದು ಪಲ್ಯ. ಮಾವ ಮಾತ್ರ ಆಗ ತಟ್ಟೆ ನೋಡುತ್ತ ಕೂತಿರುತ್ತಿದ್ದರು. ಹಸಿವು ಇರಬೇಕು ಅಂತ ನಾವು ಅಂದುಕೊಂಡಿದ್ದೆವು.

ಅತ್ತೆಗೆ ಒಬ್ಬಳೇ ಅಕ್ಕ, ಮದುವೆಯಾಗಿ ದೂರದ ಜಬಲ್ಪುರ ಸೇರಿದವರು. ಹಾಸಿಗೆ ಹಿಡಿದ ಗಂಡನ ತಾಯಿಯನ್ನು ಬಿಟ್ಟು ಅವರು ಊರಿಗೆ ಬರುವಂತಿರಲಿಲ್ಲ. ಇವರಿಬ್ಬರೂ ಚಿಕ್ಕವರಿದ್ದಾಗ ಗೌರಿ ಹುಣ್ಣಿಮೆಗೆ ಒಂದೇ ತಟ್ಟೆಯಲ್ಲಿ ಸಕ್ಕರೆ ಗೊಂಬೆ ಇಟ್ಟುಕೊಂಡು, ಒಂದೇ ಬಣ್ಣದ ಲಂಗ ಉಟ್ಟು ಆರತಿಗೆ ಹೋಗುತ್ತಿದ್ದವರಂತೆ. ಗುಡಿ ಮುಟ್ಟುವ ಹೊತ್ತಿಗೆ ಸಕ್ಕರೆ ಆನೆಗೆ ಸೊಂಡಿಲು ಇರುತ್ತಿರಲಿಲ್ಲವಂತೆ! ಯಾರು ತಿಂದಿದ್ದು ಅನ್ನುವ ಜಗಳ ಇನ್ನೂ ತೀರ್ಮಾನವಾಗಿರಲಿಲ್ಲ. ಪತ್ರ ಬರೆದುಕೊಳ್ಳುತ್ತಿದ್ದರು ನಿಜ. ಆದರೆ ಪತ್ರದಲ್ಲಿ ಜಗಳ ಆಡೋಕಾಗುತ್ತದೆಯೇ? ಇವತ್ತು ಬೈದದ್ದಕ್ಕೆ ಮುಂದಿನ ತಿಂಗಳು ಉತ್ತರ ಬಂದರೆ ಏನು ರುಚಿ ಇರುತ್ತೆ ಹೇಳಿ.

ಮಾವ, ಅತ್ತೆ ಆಗ ಹರಿಹರದಲ್ಲಿದ್ದರು. ಮಾವನ ಕೆಲಸ ಅಲ್ಲಿನ ಒಂದು ಕಾರ್ಖಾನೆಯಲ್ಲಿ. ಒಂದು ಭಾನುವಾರ ಬಸ್‌ಸ್ಟ್ಯಾಂಡ್ ಪಕ್ಕದ ಎಸ್‌ಟಿಡಿ ಬೂತಿನಿಂದ ಅಕ್ಕನಿಗೆ ಫೋನು ಹಚ್ಚಿಕೊಟ್ಟರು. ಗಾಜಿನ ಗೂಡಿನೊಳಗೆ ಅತ್ತೆ. ತಲೆಯ ಮೇಲೆ ಕೆಂಪು ಅಂಕಿಗಳು ಓಡುತ್ತಿವೆ. ಹೊರಗೆ ಪಾಳಿ ನಿಂತಿದೆ. ಆ ಕಡೆಯಿಂದ ಅಕ್ಕ "ಹಲೋ, ಹಲೋ, ಯಾರು?" ಅನ್ನುತ್ತಿದ್ದಾರೆ. ಈ ಕಡೆ ಅತ್ತೆಯ ಗಂಟಲಲ್ಲಿ "ಅಕ್ಕ" ಅನ್ನುವ ಎರಡಕ್ಷರ ಸಿಕ್ಕಿಕೊಂಡು ಜಪ್ಪಯ್ಯ ಅಂದರೂ ಹೊರಗೆ ಬರುತ್ತಿಲ್ಲ. ಪಾಳಿಯಲ್ಲಿದ್ದ ಒಬ್ಬರು ಬಾಗಿಲು ಬಡಿದು, "ಲಗೂನ ಮಾತಾಡ್ರಿ ಯಕ್ಕ, ನಮಗೂ ಕೆಲಸ ಐತೆ" ಅಂದರು. ಇನ್ಯಾರೋ ನಕ್ಕರು. ಅಕ್ಕ "ರಾಂಗ್ ನಂಬರ್" ಅಂದು ಫೋನಿಟ್ಟರು. ಅವತ್ತಿನಿಂದ ಅತ್ತೆ ಫೋನು ಮುಟ್ಟಲಿಲ್ಲ.

ಇದಾದ ಮೇಲೆ, ಅಕ್ಕನ ಗಂಡನ ಆಫೀಸಿನವರು ಅವರ ಮನೆಗೆ ಇಂಟರ್ನೆಟ್ ಇರುವ ಕಂಪ್ಯೂಟರ್ ಕೊಟ್ಟಿದ್ದಾರೆ ಅಂತ ಪತ್ರ ಬಂದದ್ದೇ ತಡ, ಮಾವ ದಾವಣಗೆರೆಯ ವಿದ್ಯಾನಗರದಲ್ಲಿ ನಾನು ಪಾಠ ಮಾಡುತ್ತಿದ್ದ ಕಂಪ್ಯೂಟರ್ ಸೆಂಟರಿಗೆ, ಪಾಠದ ನಡುವೆಯೇ ನುಗ್ಗಿದರು. ದಾವಣಗೆರೆ ಜಿಲ್ಲೆಯಾಗಿ ಇನ್ನೂ ಹೊಸತು, ಇಂಟರ್ನೆಟ್ ಅದಕ್ಕಿಂತ ಹೊಸತು.

"ಲೇ ಹುಡುಗಿ, ಇಂಟರ್ನೆಟ್ ಅಂದ್ರೆ ಕಾಗದ ಬರದಂಗೋ, ಮಾತಾಡಿದಂಗೋ?"

"ಎರಡೂ ಮಾವ. ಚಾಟ್ ಅಂತ ಐತೆ. ಇಲ್ಲಿ ಟೈಪ್ ಮಾಡಿದ್ದು ಅಲ್ಲಿ ಆಗಲೇ ಕಾಣ್ತದೆ. ಆದ್ರೆ..."

"ಬಾಯಿ ಬೇಕಾಗಿಲ್ಲ! ಆತು ಬಿಡು, ಹಾಕಿಸೇಬಿಡೋಣ. ಎಲ್ಲದಕ್ಕಿಂತ ಜೋರಾಗಿ ಓಡೋದು ಯಾವುದೈತೆ ನೋಡು!"

ನಾನು ಹೇಳಹೊರಟಿದ್ದು, ಆದ್ರೆ ಇಂಟರ್ನೆಟ್ಟಿಗೂ ದಾವಣಗೆರೆಗೆ ಫೋನೇ ಹಚ್ಚಬೇಕು, ಹರಿಹರದಿಂದ ಹಚ್ಚಿದರೆ ಎಸ್‌ಟಿಡಿ ದುಡ್ಡು ಬೀಳುತ್ತೆ, ದಾವಣಗೆರೆಯಲ್ಲಾದರೆ ಲೋಕಲ್ ಕಾಲ್, ಅಂತ. ಅದನ್ನು ಅವರು ಕೇಳಿಸಿಕೊಂಡಿದ್ದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರನ್ನು ಹರಿಹರದ ಮನೆಗೆ ಹೊತ್ತು ಹಾಕಿದ ಮೇಲೆ. ಬೇರೆಯವರಾಗಿದ್ದರೆ ತಲೆ ಚಚ್ಚಿಕೊಂಡು ಸುಮ್ಮನಾಗುತ್ತಿದ್ದರು. ಮಾವ ಮನೆಯನ್ನೇ ಬದಲಾಯಿಸಿದರು! ದೇವರಾಜ ಅರಸು ಬಡಾವಣೆಯಲ್ಲಿ ಮಹಡಿಯ ಮೇಲೊಂದು ಬಾಡಿಗೆ ಫ್ಲಾಟ್. ಕೆಲಸ ಹರಿಹರದಲ್ಲಿ, ಇಂಟರ್ನೆಟ್ ದಾವಣಗೆರೆಯಲ್ಲಿ. ದಿನಾ ಬೆಳಿಗ್ಗೆ ಬಸ್ಸು ಪೂರ್ತಿ ನಿಲ್ಲುವ ಮುಂಚೆ ಹತ್ತಿ, ಸಂಜೆ ಪೂರ್ತಿ ನಿಲ್ಲುವ ಮುಂಚೆ ಇಳಿಯೋರು. "ಈಗ ತಲಿ ಪೂರಾ ಕೆಟ್ಟೈತೆ" ಅಂತ ನೆಂಟರೆಲ್ಲ ತೀರ್ಪು ಕೊಟ್ಟರು.

ಮನೆ ಓನರ್ ಅಜ್ಜ ಕೆಳಗಿನ ಮನೆಯಲ್ಲಿದ್ದರು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಅಂಗಳದ ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನದ ಊಟಕ್ಕೇ ಏಳುವವರು. ಅವರ ಮಾತೂ ಹಾಗೇ. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ನೀವು ಹೋಗಿ ಟೀ ಕುಡಿದು ಬರಬಹುದು! ಅಂಥವರ ಮನೆಗೆ ಇಂಥವರು ಬಾಡಿಗೆಗೆ ಬಂದದ್ದು ಯಾವ ಜನ್ಮದ ಋಣವೋ. ಮೊಳೆ ಹೊಡೆಯುವಂತಿಲ್ಲ ಅಂತ ಮೊದಲೇ ಕರಾರಾಗಿತ್ತು.

ಫೋನಿನ ಲೈನು ಬರಲಿಕ್ಕೆ ಕಾಯಬೇಕಾಯಿತು. ಮಾವ ದಿನವೂ ಟೆಲಿಫೋನ್ ಆಫೀಸಿಗೆ ಹೋಗಿ, ತಮ್ಮ ಸರದಿ ಬರುವ ಮುಂಚೆಯೇ ತಮ್ಮ ಅಹವಾಲು ಹೇಳಿ, ಉತ್ತರ ಬರುವ ಮುಂಚೆಯೇ ಥ್ಯಾಂಕ್ಸ್ ಹೇಳಿ ಬರುತ್ತಿದ್ದರು. ಕೊನೆಗೂ ಲೈನ್‌ಮನ್ ವೈರಿನ ಸುರುಳಿ ತಂದ. ಮುಂದಿನ ರೂಮಿನ ಗೋಡೆಗೆ ತೂತು ಬೇಕು ಅಂದ. ಮಾವ ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದು ಅಜ್ಜನ ಮುಂದೆ ನಿಂತರು.

"ಅಜ್ಜಾರೆ, ಫೋನಿನ ವೈರಿಗೆ ಗೋಡೆಗೆ ಒಂದು ತೂತು ಹಾಕಬೇಕಾಗೈತೆ."

ಅಜ್ಜ ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದು ದವಡೆಗೆ ಹಾಕಿಕೊಂಡು, "ಗೋಡಿಗೆ... ತೂತು... ಅಂದ್ರೆ..." ಅಂದರು.

"ಆಗಂಗಿಲ್ಲ ಅಂತೀರಿ! ಗೊತ್ತಾತು, ನಿಮ್ಮ ಕಷ್ಟ ನಿಮಗೆ. ಬ್ಯಾಡ ಬಿಡ್ರಿ!" ಅಂದವರೇ ವಾಪಸ್ ಮೇಲೆ.

ಆಮೇಲೆ ಆ ವೈರಿನ ಪ್ರಯಾಣ ನೋಡಬೇಕಿತ್ತು! ಕಂಬದಿಂದ ಹಿತ್ತಲಿಗೆ, ಹಿತ್ತಲಿಂದ ಬಚ್ಚಲಿನ ಗವಾಕ್ಷಿಗೆ, ಅಲ್ಲಿಂದ ಅಡುಗೆಮನೆ, ದೇವರ ಗೂಡು, ಮಲಗುವ ಕೋಣೆ ಎಲ್ಲವನ್ನೂ ದರ್ಶನ ಮಾಡಿಕೊಂಡು ಮುಂದಿನ ರೂಮಿನ ಕಂಪ್ಯೂಟರಿಗೆ. ವೈರು ಸಾಲದೆ ಮಾವ ಅಲ್ಲಲ್ಲಿ ತಾವೇ ಗಂಟು ಹಾಕಿದ್ದರು. ಅತ್ತೆ ಅದರ ಮೇಲೆ ಕರವಸ್ತ್ರ ಒಣಗಿಸತೊಡಗಿದರು. ಫೋನಿನ ಲೈನನ್ನು ಕಂಪ್ಯೂಟರಿಗೆ ಜೋಡಿಸೋ ಮೋಡೆಮ್ಮಿನ ಅಂಗಡಿಯಲ್ಲಿ ಮಾವ, "ಇದಕ್ಕಿಂತ ಜೋರು ಓಡೋದಿಲ್ಲೇನ್ರಿ?" ಅಂತ ಎತ್ತು ನೋಡುವವರಂತೆ ಡಬ್ಬಿಯನ್ನು ಎಲ್ಲ ಮಗ್ಗುಲಿಂದ ತಟ್ಟಿ ನೋಡಿ ತಂದರು. ಅದು ಕೀ... ಕರ್ರ್... ಕುಂಯ್... ಅಂತ ಶುರು ಮಾಡಿದರೆ, "ಹ್ಞೂಂ, ತಿಳೀತು ತಿಳೀತು, ಮುಂದೆ ಹೇಳು!" ಅಂತ ಅದಕ್ಕೂ ಅವಸರ! ಅದು ಮುಂದೆ ಹೇಳುತ್ತಲೇ ಇರಲಿಲ್ಲ. ಆ ಗಂಟುಗಂಟಿನ ವೈರಿನಲ್ಲಿ ಬರೀ ಗೊರಗೊರ. ಒಮ್ಮೆ ಕನೆಕ್ಟ್ ಆದರೂ ಮಾವ ಚಪ್ಪಾಳೆ ತಟ್ಟುವಷ್ಟರಲ್ಲಿ ಕಟ್.

ಅಷ್ಟರಲ್ಲಿ ಜಬಲ್ಪುರದಿಂದ ಪತ್ರ ಬಂತು. ಭಾವನಿಗೆ ವರ್ಗವಾಗಿದೆ, ಆಫೀಸಿನವರು ಮನೆಗೆ ಕೊಟ್ಟ ಕಂಪ್ಯೂಟರ್ ವಾಪಸ್ ಮಾಡಬೇಕು, ಹೋಗುವ ಊರಿನಲ್ಲಿ ಈ ಸೌಲಭ್ಯ ಇಲ್ಲ. ಗೌರಿ ಹುಣ್ಣಿಮೆ ದಿನ ಮಧ್ಯಾಹ್ನ ಮೂರಕ್ಕೆ ಕೂತಿರುತ್ತೇನೆ, ಅದೊಂದೇ ದಿನ, ತಪ್ಪಿಸಬೇಡ. ಅತ್ತೆ ಆ ಪತ್ರವನ್ನು ಓದಿ ಮಡಿಸಿಟ್ಟರು. ಪೇಟೆಗೆ ಹೋಗಿ ಒಂದು ಸಕ್ಕರೆ ಆನೆ ತಂದು ಕಂಪ್ಯೂಟರಿನ ಪಕ್ಕದಲ್ಲಿಟ್ಟರು.

ಹುಣ್ಣಿಮೆ ಬಂತು. ಬೆಳಿಗ್ಗೆಯಿಂದ ನಾನೂ ಮಾವನೂ ಹಚ್ಚುತ್ತಲೇ ಇದ್ದೇವೆ. ಗೊರಗೊರ, ಕಟ್. ಗೊರಗೊರ, ಕಟ್. ಅತ್ತೆ ಹೊಸ ಸೀರೆ ಉಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅವರನ್ನು ನೋಡೋಕೆ ನನಗೆ ಧೈರ್ಯ ಬರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಓನರ್ ಅಜ್ಜ ಹಬ್ಬದ ಹೋಳಿಗೆ ಕೊಡೋಕೆ ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಮನೆ ತುಂಬ ನೇತಾಡುತ್ತಿದ್ದ ವೈರು ನೋಡಿ ಬಾಯಿಬಿಟ್ಟರು.

"ಇದೇನ್ರಿ... ಇದು... ಅವತ್ತು ನಾ... ಹೇಳಿದೆನಲ್ಲ... ಗೋಡಿಗೆ... ತೂತು... ಅಂದ್ರೆ..."

ಮಾವ ಬಾಯಿ ತೆಗೆದರು. ನಾನು, "ಮಾವ, ನಿಮ್ಮ ಕಾಲಿಗೆ ಬೀಳ್ತೀನಿ, ಸುಮ್ನಿರ್ರಿ!" ಅಂತ ಕಿರುಚಿದೆ. ಮಾವ ಹೆಗಲ ಮೇಲಿದ್ದ ಟವೆಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದರು. ಅಜ್ಜ ಪಾಯ ತೋಡಿದಲ್ಲಿಂದ ಶುರು ಮಾಡಿದರು. ಗಾರೆಯವರು ಬಂದರು, ಇಟ್ಟಿಗೆ ಬಂತು, ಮರಳಿನ ಲಾರಿ ಕೆಟ್ಟು ನಿಂತಿತು. ಮಾವನ ಕಣ್ಣಲ್ಲಿ ನೀರು. ಮರಳಿನ ಲಾರಿ ರಿಪೇರಿಯಾಗಿ, ಮನೆ ಎದ್ದು, ಹಿಂದಿನ ಬಾಡಿಗೆಯವರು ಬಂದರು.

"...ಅವರದೂ ಫೋನಿತ್ತು... ಗೋಡಿಗೆ ತೂತು ಅಂದ್ರೆ... ಮೊದ್ಲೇ ಐತೆ. ಆ ಕ್ಯಾಲೆಂಡರ್ ಹಿಂದೆ!"

ಕ್ಯಾಲೆಂಡರ್ ಎತ್ತಿದರೆ, ಇತ್ತು. ಕಂಪ್ಯೂಟರಿನಿಂದ ಒಂದು ಮೊಳ ದೂರದಲ್ಲಿ! ಮಾವ ಹಲ್ಲಲ್ಲಿದ್ದ ಟವೆಲು ಬಿಟ್ಟರು. ಅಜ್ಜನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಓಡಿಹೋಗಿ ಲೈನ್‌ಮನ್‌ನನ್ನು ಹಬ್ಬದ ಎಲೆಯ ಮುಂದಿನಿಂದಲೇ ಎಬ್ಬಿಸಿಕೊಂಡು ಬಂದರು. ಗಂಟಿಲ್ಲದ ವೈರು ನೇರ ಒಳಗೆ ಬಂತು. ಕೀ... ಕರ್ರ್... ಕುಂಯ್... ಅಂದ ಮೋಡೆಮ್ಮು ಈ ಸಲ ತನ್ನ ಮಾತು ಪೂರ್ತಿ ಮುಗಿಸಿತು.

ಮೂರು ಗಂಟೆ ದಾಟಿ ಸ್ವಲ್ಪ ಹೊತ್ತಾಗಿತ್ತು. ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಅಕ್ಕನ ಕನ್ನಡ ಕಾದು ಕೂತಿತ್ತು. "ಬಂದ್ಯೇನೇ ತಂಗಿ? ಸೊಂಡಿಲು ತಿಂದಿದ್ದು ಯಾರು, ಈಗ ಹೇಳು!"

ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡು, ನಕ್ಕು, ಒಂದೇ ಬೆರಳು ಚಾಚಿದರು. ನಾನು ಕಲಿಸಿದ್ದೆ, ಆದರೂ ಅಕ್ಷರ ಸಿಗಬೇಕಲ್ಲ? ಬೆರಳು ಕೀಲಿಗಳ ಮೇಲೆ ಆ ಕಡೆಯಿಂದ ಈ ಕಡೆಗೆ ಹುಡುಕುತ್ತ ಹೋಯಿತು. ಒಂದು ಒತ್ತಿದರು. ಮತ್ತೆ ಹುಡುಕಿದರು. ತೆರೆಯ ಮೇಲೆ "ನೀ" ಮಾತ್ರ ಮೂಡಿತ್ತು. ಲೈನು ಯಾವಾಗ ಹೋಗುತ್ತೋ ಅಂತ ನನ್ನ ಜೀವ ಕೈಯಲ್ಲಿ. ಹೇಗಿದ್ದರೂ "ನೀನೇ" ಅಂತ ತಾನೇ ಬರೆಯೋದು, ನಾನೇ ಒತ್ತಿಬಿಡೋಣ ಅಂತ ಕೈ ಚಾಚಿದೆ.

ಮಾವ ನನ್ನ ಮಣಿಕಟ್ಟು ಹಿಡಿದುಕೊಂಡರು. ನೋಡಿದೆ. ತಟ್ಟೆ ಮುಂದೆ ಕೂರುತ್ತಿದ್ದರಲ್ಲ, ಅದೇ ಮುಖ. ಹಸಿವಿನ ಮುಖವಾಗಿರಲಿಲ್ಲ ಅದು. ಮದುವೆಯಾಗಿ ಇಷ್ಟು ವರ್ಷದಲ್ಲಿ, ಊರವರ ಮಾತನ್ನೆಲ್ಲ ಅರ್ಧಕ್ಕೇ ಕಸಿದುಕೊಂಡ ಈ ಮನುಷ್ಯ ಅತ್ತೆಯ ಒಂದೇ ಒಂದು ಮಾತನ್ನೂ ತಾವು ಮುಗಿಸಿದ್ದನ್ನು ನಾನು ಕಂಡೇ ಇರಲಿಲ್ಲ. ನನಗೆ ಅಳು ಬಂತು.

"ಬ್ಯಾಡವ್ವ," ಅಂದರು ಮಾವ, ಮೆಲ್ಲಗೆ. "ಆಕಿ ಹೇಳ್ತಾಳೆ. ನಮಗೇನು ಅವಸರ ಐತೆ ಈಗ?"