ಕರೆಂಟ್ ಕೇಳಿದ ಕಲ್ಲೇಶಪ್ಪ

ಹೊನ್ನಾಳಿಯ ಕಲ್ಲೇಶಪ್ಪ ಆ ಬೆಳಿಗ್ಗೆ ಬಗ್ಗಿ ಕಾರು ಒರೆಸದೆ ಇದ್ದಿದ್ದರೆ ಕಾಗೆ ಅವನ ತಲೆಯ ಮೇಲೆ ಕೂರುತ್ತಿರಲಿಲ್ಲ. ಕೂತಿತು, ಬೋಳುತಲೆಗೆ ಒಂದು ಕುಕ್ಕಿತು, ಹಾರಿಹೋಯಿತು. ಅಷ್ಟೇ.

"ಅಯ್ಯಯ್ಯೋ, ಶನಿ!" ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಗಿಡ್ಡಮ್ಮ ಎದೆ ಹಿಡಿದುಕೊಂಡಳು. "ಅನ್ನಪೂರ್ಣಾ, ಏನಾರ ಮಾಡವ್ವ. ಸುಮ್ನೆ ಬಿಡಬ್ಯಾಡ."

ಹೆಂಡತಿ ಅನ್ನಪೂರ್ಣಳ ಮುಖ ಬಿಳುಚಿತು. "ಇವತ್ತು ಹೋಗಬ್ಯಾಡ್ರಿ."

"ಹೋಗಿ ಬರದಿದ್ರೆ ಕಾರು ಗುಜರಿಗೆ ಅಂದೋಳು ನೀನೇ ಅಲ್ವೇನೆ?"

ಮಾತು ನಿಜವೇ. ಇಪ್ಪತ್ತೈದು ವರ್ಷದ ಪೆಟ್ರೋಲ್ ಕಾರು ಅದು. ಅದರ ಕೆಮ್ಮು ಕೇಳಿದರೆ ಸಾಕು, ಕಲ್ಲೇಶಪ್ಪ ಬಂದನೆಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ನ್ಯಾಮತಿಯ ಮೆಕ್ಯಾನಿಕ್ ಆರಿಫ್ ಅದರ ಇಂಜಿನ್ ಕಿತ್ತು, ಡಿಕ್ಕಿಯಲ್ಲಿ ಬ್ಯಾಟರಿ, ಮೋಟರು ಕೂರಿಸಿ, ಕರೆಂಟಿನಲ್ಲಿ ಓಡುವ ಹಾಗೆ ಮಾಡಿಕೊಟ್ಟಿದ್ದ. ಇನ್ನು ದಿನಾ ಇದರಲ್ಲೇ ಓಡಾಟ ಎಂದು ಕಲ್ಲೇಶಪ್ಪ. ಮೊದಲು ಚನ್ನಗಿರಿಯ ತಂಗಿ ಮನೆಗೆ ಹೋಗಿ ಕತ್ತಲಾಗುವುದರೊಳಗೆ ಬಂದು ತೋರಿಸಿ, ಇಲ್ಲದಿದ್ದರೆ ಗುಜರಿ ಎಂದು ಅನ್ನಪೂರ್ಣ. "ಹೋಗಿ ಬರಾಕೆ ಸಾಲೋದು ಅನುಮಾನ ಸಾರ್, ಅಲ್ಲೇ ಒಂದಿಷ್ಟು ಚಾರ್ಜ್ ಹಾಕ್ಕೊಳ್ರಿ" ಎಂದಿದ್ದ ಆರಿಫ್. ರಾತ್ರಿಯಿಡೀ ಪ್ಲಗ್ಗು ಕಾರಿನ ಪಾಲಾಗಿ, ಕಲ್ಲೇಶಪ್ಪನ ಫೋನು ಸತ್ತು ಮಲಗಿತ್ತು. ಅದನ್ನು ಅಲ್ಲೇ ಬಿಟ್ಟು ಹೊರಟ.

ಕಾರು ಹಾವಿನ ಹಾಗೆ ಸದ್ದಿಲ್ಲದೆ ಜಾರಿತು. ದಾರಿಯುದ್ದಕ್ಕೂ ಅವನಿಗೆ ಏನೋ ಒಂಥರಾ. ನಾಯಿಗಳು ಬೊಗಳಲಿಲ್ಲ. ರಸ್ತೆಬದಿಯ ಕುರಿಗಳು ತಲೆ ಎತ್ತಲಿಲ್ಲ. ತಾನು ಬಂದದ್ದು ಹೋದದ್ದು ಒಂದು ಪ್ರಾಣಿಗೂ ತಿಳಿಯುತ್ತಿಲ್ಲವಲ್ಲ ಎಂದುಕೊಂಡ.

ತಂಗಿಯ ಮನೆ ಮುಂದೆ ಜನ ಸೇರಿದ್ದರು. ಒಳಗಿಂದ ಅಳು ಕೇಳುತ್ತಿತ್ತು. ಕಾರು ಬಂದು ಬೆನ್ನ ಹಿಂದೆ ನಿಂತರೂ ಯಾರೂ ತಿರುಗಲಿಲ್ಲ. ಕಲ್ಲೇಶಪ್ಪ ಗಾಬರಿಯಿಂದ ಒಳಗೆ ನುಗ್ಗಿದ. ತಂಗಿ ಅಂತರಘಟ್ಟಮ್ಮ ತಲೆಗೂದಲು ಕೆದರಿಕೊಂಡು ಕೂತಿದ್ದಳು.

"ಯಾಕವ್ವಾ? ಯಾರು ಹೋದ್ರು?"

ತಂಗಿ ತಲೆ ಎತ್ತಿ ನೋಡಿದಳು. "ನೀನೇ... ನೀನೇ ಹೋಗಿದ್ದಲ್ಲಣ್ಣಾ!" ಎಂದವಳೇ ಹಿಂದಕ್ಕೆ ವಾಲಿದಳು.

ಕ್ಷಣದಲ್ಲಿ ಮನೆ ಖಾಲಿ. ಹೊರಗೆ ಬಂದರೆ ತಂಗಿಯ ಗಂಡ ತಿಮ್ಮೇಶ್ ಪೊರಕೆ ಎತ್ತಿ ಹಿಡಿದು ನಿಂತಿದ್ದ. "ಭಾವಾ, ಕಾರು ಸದ್ದೇ ಇಲ್ದಂಗೆ ಹೆಂಗೆ ಬಂತು?"

"ಇಂಜಿನ್ ತೆಗೆಸೀನಿ ಮಾರಾಯ, ಅದಕ್ಕೇ. ನೋಡಿಲ್ಲಿ!" ಕಲ್ಲೇಶಪ್ಪ ಬಾನೆಟ್ ಎತ್ತಿದ. ಇಂಜಿನ್ ಇರಬೇಕಾದ ಜಾಗದಲ್ಲಿ ಬರೀ ಕತ್ತಲೆ ಕೂತಿತ್ತು. ಬಗ್ಗಿ ನೋಡಿದವರು ಹಿಂದೆ ಸರಿದರು.

"ಇಂಜಿನ್ ಇಲ್ದ ಕಾರು! ಜೀವ ಇಲ್ದ ಭಾವ!" ತಿಮ್ಮೇಶ್ ಕಿರುಚಿದ.

"ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ಒಂದು ಪ್ಲಗ್ ಕೊಡೋ, ಕರೆಂಟ್ ಬೇಕು."

"ಕರೆಂಟ್ ಕೇಳ್ತೈತ್ರೋ!" ತಿಮ್ಮೇಶ್ ಓಡಿ ಒಳಹೊಕ್ಕು ಮೇನ್ ಸ್ವಿಚ್ಚನ್ನೇ ಆರಿಸಿದ. ಓಣಿಯ ಬಾಗಿಲುಗಳೆಲ್ಲ ಪಟಪಟನೆ ಮುಚ್ಚಿದವು.

ಹೊಟ್ಟೆ ಹಸಿದು, ಅಳು ಬಂದು, ಕಲ್ಲೇಶಪ್ಪ ಉಳಿದಷ್ಟೇ ಚಾರ್ಜಿನಲ್ಲಿ ಆಮೆಯ ನಡಿಗೆಯಲ್ಲಿ ಊರಿನ ದಾರಿ ಹಿಡಿದ. ಕನ್ನಡಿಯಲ್ಲಿ ಎರಡು ಸಲ ಮುಖ ನೋಡಿಕೊಂಡ. ತೊಡೆ ಚಿವುಟಿಕೊಂಡ. ನೋವೇನೋ ಆಯಿತು, ಧೈರ್ಯ ಬರಲಿಲ್ಲ. ಮುಸ್ಸಂಜೆಗೆ ಮನೆಯ ಇಳಿಜಾರಿನ ತಲೆಯಲ್ಲಿ ಬ್ಯಾಟರಿ ಪೂರ್ತಿ ಮುಗಿಯಿತು. ದೀಪವೂ ಇಲ್ಲದೆ, ಸದ್ದೂ ಇಲ್ಲದೆ ಕಾರು ತಾನಾಗಿ ಉರುಳಿ ಬಂದು ಬಾಗಿಲ ಮುಂದೆ ನಿಂತಿತು. ಕತ್ತಲಾಗಿರಲಿಲ್ಲ. ಗೆದ್ದಿದ್ದ!

"ಅನ್ನಪೂರ್ಣಾ, ಬಾಗಿಲು ತೆಗಿ!"

ಒಳಗೆ ಗಿಡ್ಡಮ್ಮನ ಪಿಸುಮಾತು: "ದೆವ್ವ ಕರೆದ್ರೆ ಓ ಅನ್ನಬ್ಯಾಡ ಕಣೆ."

"ಎಲ್ಲಾ ನಿನ್ನಿಂದ್ಲೇ ಗಿಡ್ಡಮ್ಮಕ್ಕಾ!" ಅನ್ನಪೂರ್ಣ ಬಿಕ್ಕುತ್ತಿದ್ದಳು. "ಕಾಗೆ ಕೂತ ದೋಷ ಹೋಗ್ಬೇಕಂದ್ರೆ ಸತ್ತ ಸುದ್ದಿ ಹೇಳಿ ಒಡಹುಟ್ಟಿದೋರ್ನ ಅಳಿಸ್ಬೇಕು ಅಂತ ನೀನಂದೆ. ನಾನು ನಾದಿನಿಗೆ ಸುಳ್ಳು ಫೋನ್ ಮಾಡ್ದೆ. ಸುಳ್ಳು ಅಂತ ಹೇಳಾಕೆ ಮತ್ತೆ ಮಾಡಿದ್ರೆ, 'ಅಣ್ಣ ದೆವ್ವ ಆಗಿ ಬಂದಿದ್ದ, ಕಾರಲ್ಲಿ ಇಂಜಿನ್ನೂ ಇರ್ಲಿಲ್ಲ, ಊರೆಲ್ಲಾ ನೋಡೈತೆ' ಅಂತಾಳೆ. ನಾನಂದಿದ್ದು ದಾರೀಲೇ ನಿಜ ಆಗ್ಹೋತು!"

"ಏ, ಬದುಕೀನಿ ಕಣೇ!"

"ಎಲ್ಲಾ ದೆವ್ವಗಳೂ ಹಂಗೇ ಅಂತಾವೆ" ಎಂದಳು ಗಿಡ್ಡಮ್ಮ.

ಬಾಗಿಲು ಗೇಣಗಲ ತೆರೆಯಿತು. ಒಂದು ಕೈ ಬಾಳೆ ಎಲೆಯನ್ನು ಹೊರಗೆ ತಳ್ಳಿತು. ಎಲೆ ತುಂಬ ಅವನ ಪ್ರಾಣಕ್ಕಿಂತ ಹೆಚ್ಚಿನ ಮಂಡಕ್ಕಿ, ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ.

"ಗೆದ್ರಿ ನೀವು" ಎಂದು ಅನ್ನಪೂರ್ಣ ಒಳಗಿಂದ ಅತ್ತಳು. "ಕಾರು ಗುಜರಿಗೆ ಹಾಕಲ್ಲ. ನಿಮ್ ಜೊತೇಲೇ ತಗೊಂಡು ಹೋಗ್ಬಿಡ್ರಿ."

ಬೆಳಿಗ್ಗೆಯಿಂದ ನೀರೂ ಕುಡಿಯದ ಕಲ್ಲೇಶಪ್ಪ ಮೆಟ್ಟಿಲ ಮೇಲೆ ಕುಕ್ಕರಿಸಿದ. ಎಲೆಯನ್ನು ನೋಡಿದ, ಬಾಗಿಲನ್ನು ನೋಡಿದ, ತಡೆಯಲಾರದೆ ಒಂದು ಬಜ್ಜಿ ಎತ್ತಿ ಕಚ್ಚಿದ.

ಕಿಟಕಿಯ ಸಂದಿಯಿಂದ ಗಿಡ್ಡಮ್ಮನ ದನಿ ನಿರಾಳವಾಗಿ ಬಂತು: "ಎಡೆ ಮುಟ್ಟಿದ ಕಣವ್ವಾ! ತೃಪ್ತಿ ಆಗೈತೆ. ಇನ್ನು ಬರಲ್ಲ, ಚಿಲಕ ಹಾಕು."