ಹಾಸನ ಸಂಖ್ಯೆ ಹದಿನಾಲ್ಕು

೨೦೦೬ರ ಜೂನ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ, ಹಾಸನದಲ್ಲಿ ನಮ್ಮ ಪುಟ್ಟ ಕಂಪ್ಯೂಟರ್ ಕಚೇರಿ. ಹಾಜರಿದ್ದವರು, ಪ್ರೋಗ್ರಾಂ ಬರೆಯುವ ಹೊಳೆನರಸೀಪುರದ ಯೋಗೇಶ, ಕನ್ನಡ ಟೈಪು ಮಾಡುವ ಅರಕಲಗೂಡಿನ ಮಂಗಳಾ, ಕಾಗುಣಿತ ತಿದ್ದುವ ನಾನು, ನಿವೃತ್ತ ಮುಖ್ಯೋಪಾಧ್ಯಾಯ. ಇಷ್ಟನ್ನು ಬರೆದುಕೊಳ್ಳದೆ ಯಾವ ಕೆಲಸವನ್ನೂ ಆರಂಭಿಸಿ ನನಗೆ ಅಭ್ಯಾಸವಿಲ್ಲ. ಪರರ ತಪ್ಪು ತಿದ್ದುವಾಗ ನಮ್ಮ ಕೈ ಎಷ್ಟು ಚುರುಕಾಗಿರುತ್ತದೆ ಎಂಬುದಕ್ಕೆ ಆ ದಿನದ ಟಿಪ್ಪಣಿಯೇ ಸಾಕ್ಷಿ.

ಚನ್ನರಾಯಪಟ್ಟಣದ ಗೌಡರೊಬ್ಬರ ಬಸ್ಸುಗಳಿಗೆ ಕನ್ನಡದ ಟಿಕೆಟ್ಟು ಮುದ್ರಿಸುವ ಕೆಲಸ ನಮ್ಮದು. ಸಂಜೆ ನಾಲ್ಕರೊಳಗೆ ಸರಿಯಾದ ಮಾದರಿ ಫ್ಯಾಕ್ಸ್ ಆಗದಿದ್ದರೆ ಕೆಲಸ ಬೇರೆಯವರ ಪಾಲು. ನಮ್ಮ ಕಡತಗಳೆಲ್ಲ ಒಂದೇ ಭಂಡಾರದಲ್ಲಿರುತ್ತವೆ. ಯೋಗೇಶ ಅದನ್ನು ರೆಪೊ ಎನ್ನುತ್ತಾನೆ. ಅವರವರ ಪ್ರತಿಯನ್ನು ತಿದ್ದಿ ಮರಳಿ ಅದಕ್ಕೆ ಸೇರಿಸುವುದೇ ಕಮಿಟ್. ಪ್ರತಿ ಕಮಿಟ್ಟಿಗೂ ಕ್ರಮಸಂಖ್ಯೆ, ಮಾಡಿದವರ ಹೆಸರು, ಗಂಟೆ, ಒಂದು ಸಾಲಿನ ಕಾರಣ. ಬದುಕೆಲ್ಲ ಹಾಜರಿ ಪುಸ್ತಕ ಕಾದವನಿಗೆ ಇದಕ್ಕಿಂತ ಸೊಗಸಾದ ವಸ್ತು ಇನ್ನೇನಿದೆ?

ಹಿಂದಿನ ಮಧ್ಯಾಹ್ನ ಮಂಗಳಾ ಊರುಗಳ ಪಟ್ಟಿಯಲ್ಲಿ ಹಾಸನವನ್ನು ‘ಆಸನ’ ಎಂದು ಟೈಪಿಸಿದ್ದಳು. ಕೇಳಿದರೆ, “ನಮ್ ಕಡೆ ಅಂಗೇ ಅನ್ನಾದು ಸಾ, ಆಸ್ನಕ್ ಓಗ್ಬತ್ತೀನಿ ಅಂತ” ಎಂದಳು. ಹಕಾರದ ಮಹತ್ವದ ಮೇಲೆ ಹತ್ತು ನಿಮಿಷ ಪಾಠ ಮಾಡಿದೆ. ಅದೇ ಬಿಸಿಯಲ್ಲಿ, ‘ಆಸನ’ ಇರುವಲ್ಲೆಲ್ಲ ‘ಹಾಸನ’ ಆಗಲೆಂದು ಕಂಪ್ಯೂಟರಿಗೆ ಒಂದೇ ಅಪ್ಪಣೆ ಕೊಟ್ಟು ಕಮಿಟ್ ಮಾಡಿ, ಕೊಡೆ ಹಿಡಿದು ಮನೆಗೆ ಹೋದೆ.

ಶನಿವಾರ ಬೆಳಿಗ್ಗೆ ಯೋಗೇಶ ಮಾದರಿ ಟಿಕೆಟ್ಟನ್ನು ನನ್ನ ಮುಂದಿಟ್ಟ. “ನೋಡಿ ಸಾ. ಹಾಸನ ಸಂಖ್ಯೆ ಹದಿನಾಲ್ಕು. ಮುಂದ್ಗಡೆ ಎಲ್ಡು ಹಾಸನ ಮಹಿಳೆಯರಿಗೆ. ಜಿಲ್ಲೆನೇ ಹಂಚ್ಬುಟ್ಟಿದೀರಲ್ಲ.”

ಬಸ್ಸಿನಲ್ಲಿ ಕೂರುವ ಜಾಗಕ್ಕೂ ಆಸನ ಎನ್ನುತ್ತಾರೆ ಎಂಬುದು ನನಗೆ ಆಗ ನೆನಪಾಯಿತು. ತಡಮಾಡುವ ಜಾಯಮಾನ ನನ್ನದಲ್ಲ. ‘ಹಾಸನ’ ಇರುವಲ್ಲೆಲ್ಲ ‘ಆಸನ’ ಮಾಡಿ ಇನ್ನೊಂದು ಕಮಿಟ್ ಒತ್ತಿದೆ. ಈಗ ಟಿಕೆಟ್ಟಿನ ಮೇಲೆ ‘ಆಸನದಿಂದ ಚನ್ನರಾಯಪಟ್ಟಣಕ್ಕೆ’ ಎಂದು ಬಂತು.

“ಎಲ್ರೂ ನಮ್ಮೂರೋರೇ ಆದ್ರು ಬುಡಿ ಸಾ” ಎಂದಳು ಮಂಗಳಾ.

“ಎರಡನ್ನೂ ಅಳಿಸಿಬಿಡಪ್ಪ” ಎಂದೆ ಯೋಗೇಶನಿಗೆ.

“ಅಳ್ಸಕ್ಕಾಗಲ್ಲ ಸಾ. ರೆಪೊಗೆ ಸೇರಿದ್ದು ಸೇರ್ತು.”

“ಹಾಗಾದರೆ ನಿನ್ನೆ ಬೆಳಿಗ್ಗೆ ಇದ್ದ ಸ್ಥಿತಿಗೆ ಹಿಂದೆ ಹೋಗೋಣ.”

“ಆಗ ಸಾಯಂಕಾಲ ನಾನ್ ಹಾಕಿದ್ ವೇಳಾಪಟ್ಟಿನೂ ಹೊಂಟೋಯ್ತದೆ. ನಿಮ್ ಎಲ್ಡು ಕಮಿಟ್ನ ಮಾತ್ರ ತಿರುಗ್ಸಿ ಹಾಕ್ಬೇಕು. ಅದೂ ಕಮಿಟ್ಟೇ. ಕಾರಣ ಏನಂತ ಬರೀಲಿ?”

“ನನ್ನ ಹೆಸರಲ್ಲೇ ಹಾಕು. ‘ನಾನು ಮಾಡಿದ ಎರಡು ತಪ್ಪು ಹಿಂದಕ್ಕೆ’ ಅಂತ ಬರಿ” ಎಂದೆ. ಒಂದು ಗಂಟೆಯ ಊಟವನ್ನು ನಾನು ಮುಂದೂಡಿದ್ದು ಅದೇ ಮೊದಲು. ಎರಡನೆಯದನ್ನು ಮೊದಲು ತಿರುಗಿಸಿ, ಆಮೇಲೆ ಮೊದಲನೆಯದನ್ನು ತಿರುಗಿಸಿ, ಕಡತವನ್ನು ಸಾಲು ಸಾಲಾಗಿ ಓದಿ ನೋಡಿದೆವು. ಎಲ್ಲ ಸ್ವಸ್ಥಾನಕ್ಕೆ ಬಂದಿತ್ತು. ಉಳಿದದ್ದು ಮಂಗಳಾಳ ಆ ಒಂದು ಸಾಲು, ಒಂದೇ ಒಂದು ಅಕ್ಷರ.

“ಅದ್ನ ನಾನೇ ತಿದ್ಲಾ ಸಾ?”

ನಾನು ಎದ್ದು ಆಸನ ಬಿಟ್ಟುಕೊಟ್ಟೆ. ಆಕೆ ಹಕಾರ ಕೂರಿಸಿ ಕಮಿಟ್ ಮಾಡಿದಳು. ಮೂರೂಕಾಲಿಗೆ ಫ್ಯಾಕ್ಸ್ ಹೋಯಿತು, ಮೂರೂವರೆಗೆ ಗೌಡರ ಫೋನು ಬಂತು.

“ಬೋ ಪಸಂದಾಗೈತೆ ಮೇಷ್ಟ್ರೇ, ಕೆಲ್ಸ ನಿಮ್ದೇ. ಅದೇನೋ ಆಸನ ಅಂತ ಹಾಕಿದೀರಲ್ಲ, ಕಂಡಕ್ಟ್ರಿಗೇ ಗೊತ್ತಾಗ್ಲಿಲ್ಲ. ಸೀಟು ಅಂತ ಮಾಡ್ಬುಡಿ.”

ಸೀಟು ಕನ್ನಡವಲ್ಲ, ಆಸನವೇ ಇರಲಿ ಎಂದು ತಿಂಗಳ ಹಿಂದೆ ಹಟ ಹಿಡಿದವನು ಬೇರೆ ಯಾರೂ ಅಲ್ಲ. “ಆಗಲಿ ಗೌಡರೇ” ಎಂದು ಫೋನಿಟ್ಟು, ಕೀಲಿಮಣೆಯತ್ತ ಕೈ ಚಾಚಿದೆ. ಮಂಗಳಾ ಅದನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಕಡೆಯ ಕಮಿಟ್ ಸೇರಿತು. ಕಾರಣ ಹೇಳಿ ಬರೆಸಿದ್ದು ನಾನು. ಕೀಲಿಮಣೆಗೆ ಕೈ ಹಾಕಲು ಮಾತ್ರ ಮಂಗಳಾ ಬಿಡಲಿಲ್ಲ.