ಎಡದ ಟೀವಿ, ಬಲದ ಟೀವಿ

ಕಾರ್ತಿಕದ ಚಳಿ ಆಗತಾನೇ ಹಲ್ಲು ಕಡಿಸಲು ಶುರುಮಾಡಿದ್ದ ಒಂದು ಶುಕ್ರವಾರ, ಬೆಳಗಿನ ಎಂಟು ಗಂಟೆ. ತಾಂಡ್ಯದ ಫ್ಯಾಕ್ಟರಿಗೆ ರಜೆ ಹಾಕಿದ ಶಿವಸ್ವಾಮಿ ನಡುಮನೆಯಲ್ಲಿ ಎರಡು ಓಎಲ್‌ಇಡಿ ಟೀವಿಗಳ ಮುಂದೆ ಕೂತಿದ್ದ. ನಂಜನಗೂಡಿನ ಅಂಗಡಿಯವನು ಪರಿಚಯದ ಮೇಲೆ ಎರಡನ್ನೂ ಹಿಂದಿನ ದಿನ ಮನೆಗೆ ಕಳಿಸಿ, "ಒಂದ ಇಟ್ಕೊಳಿ ಸಾ. ಇನ್ನೊಂದು ನಾಳೆ ಸಂಜೆ ಆರರೊಳಗೆ ವಾಪಸ್ ಬರ್ಬೇಕು. ತಪ್ಪಿದ್ರೆ ಎರಡಕ್ಕೂ ಬಿಲ್ಲು" ಎಂದಿದ್ದ. ಒಂದಕ್ಕೇ ಶಿವಸ್ವಾಮಿಯ ಮೂರು ವರ್ಷದ ಬೋನಸ್ಸು ಕರಗುತ್ತಿತ್ತು.

ಅಳತೆ ಒಂದೇ, ಕಂಪನಿ ಒಂದೇ, ಹೊಳಪೂ ಒಂದೇ. ಅವಳಿ ಹೆತ್ತವಳು ಹಾಲು ಕುಡಿದ ಕೂಸನ್ನೇ ಮತ್ತೆ ಎತ್ತಿಕೊಂಡ ಹಾಗೆ, ಶಿವಸ್ವಾಮಿ ನೋಡಿದ್ದನ್ನೇ ನೋಡುತ್ತಿದ್ದ.

ಎದುರುಮನೆ ಚೆಲುವಯ್ಯ ಕರೆಯದೇ ಬಂದ. "ಈ ತರದ ಟೀವೀಲಿ ಕಪ್ಪೇ ಮುಖ್ಯ, ಅದು ಎಂಗದೆ ಅಂತ ನೋಡ್ಬೇಕು ಕಣ್ಲಾ" ಎಂದು ಕಿಟಕಿ, ಬಾಗಿಲು ಎಲ್ಲ ಮುಚ್ಚಿಸಿದ. ಆ ಕತ್ತಲಲ್ಲಿ ಒಳಗೆ ಬಂದ ಪಕ್ಕದಮನೆ ಚಿಕ್ಕಬಸಮ್ಮ ಅವನ ಕಾಲು ತುಳಿದಳು. "ಕಪ್ಪು ನೋಡಕೆ ಇಷ್ಟು ದುಡ್ಡಾ? ನಮ್ಮೆಮ್ಮೆ ಕೊಟ್ಗೆಲದೆ, ಬಿಟ್ಟಿ ನೋಡ್ಕೊ ಓಗು!"

ಮಧ್ಯಾಹ್ನದ ಹೊತ್ತಿಗೆ ಬೀದಿಯೇ ಎಡ, ಬಲ ಎಂದು ಎರಡು ಪಾರ್ಟಿಯಾಗಿತ್ತು. ಒಂದು ರಿಮೋಟು ಒತ್ತಿದರೆ ಎರಡೂ ಟೀವಿ ಆರುತ್ತಿದ್ದವು, ಎರಡೂ ಪಾರ್ಟಿಯವರು "ನಮ್ದನ್ಯಾಕ್ಲಾ ಆರಿಸ್ದೆ?" ಎಂದು ಶಿವಸ್ವಾಮಿಯ ಮೇಲೆ ಬೀಳುತ್ತಿದ್ದರು.

ಸಂಜೆ ಐದಕ್ಕೆ ಎಡದ್ದೇ ಇರಲಿ ಎಂದು ಮನಸ್ಸು ಗಟ್ಟಿಮಾಡಿ, ಆಟೋ ಕರೆಸಿ, ಬಲದ್ದನ್ನು ಎತ್ತಿದ. ಹೊಸ್ತಿಲಲ್ಲಿ ಅವ್ವ ರಾಚಮ್ಮ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು. ಎರಡು ಟೀವಿಗೂ ಆಗಲೇ ಮೂರೆಳೆ ವಿಭೂತಿ ಬಿದ್ದಿತ್ತು.

"ಶುಕ್ರವಾರ ದೀಪ ಅಚ್ಚೊ ವೊತ್ನಲ್ಲಿ ಬೆಳಗೊ ವಸ್ತುವ ಆಚೆಗೆ ಕಳಿಸ್ತೀಯಾ? ಲಕ್ಷ್ಮಿ ಒಂಟೋಯ್ತಾಳೆ ಮೊಗ."

"ಕಳಿಸ್ದಿದ್ರೆ ಇರೋ ಲಕ್ಷ್ಮಿಯೆಲ್ಲ ಅಂಗಡಿಗೋಯ್ತಾಳೆ ಕಣವ್ವ!"

"ಅಂಗಾರೆ ನನ್ನ ದಾಟ್ಕೊಂಡೋಗು."

ಅವ್ವನನ್ನು ದಾಟುವ ಮಗ ಅವನಲ್ಲ. ಆರು ಹೊಡೆಯಿತು. ಎರಡಕ್ಕೂ ಸೇರಿದ ಬಿಲ್ಲು ಮೊಬೈಲಿಗೆ ಬಂತು.

ಏಳಕ್ಕೆ ತಂಗಿ ರಂಜಿನಿಯ ಗಂಡ ಪ್ರೇಮ್‌ಕುಮಾರ್, ತಾಂಡವಪುರದಲ್ಲಿ ಸಾಮಾನು ಇಳಿಸಿ ತಿ. ನರಸೀಪುರಕ್ಕೆ ವಾಪಸಾಗುವವನು, ವ್ಯಾನು ನಿಲ್ಲಿಸಿ ಒಳಗೆ ಬಂದ. ಕಪಿಲೆಯಲ್ಲಿ ಮುಳುಗುತ್ತಿದ್ದವನ ಬಳಿಗೆ ತೆಪ್ಪವೇ ತೇಲಿಬಂದಂತಾಯಿತು. ಬಲದ್ದನ್ನು ಭಾವನಿಗೆ ಮಾರಿದರೆ ಬದುಕಿದೆ ಎಂದುಕೊಂಡ ಶಿವಸ್ವಾಮಿ ಅರ್ಧ ಗಂಟೆ ಹೊಗಳಿದ.

"ಈ ಬಲಗಡೇದ ನೋಡಿ ಬಾವ. ಇದರ ಮುಂದೆ ಎಡದ್ದು ನೀರ್ಮಜ್ಜಿಗೆ. ನಮ್ಮ ರಂಜಿನಿ ಕಂಡ್ರೆ ಬಿಡಾಕಿಲ್ಲ!"

"ನಂಗೂ ಇಡಿಸ್ತು ಬಾವ. ಎಷ್ಟು ಕೊಡ್ಲಿ?" ಎಂದು ಪ್ರೇಮ್‌ಕುಮಾರ್ ಮೊಬೈಲು ತೆಗೆದ.

ರಾಚಮ್ಮ ಆ ಕೈಯನ್ನು ತಡೆದಳು. "ತವರಿನ ವಸ್ತುಗೆ ಅಳಿಯ ದುಡ್ಡು ಕೊಡದಾ? ಅಬ್ಬಕ್ಕೆ ಮಗಳಿಗೆ ಒಂದು ಸೀರೇನೂ ಕೊಟ್ಟಿರ್ನಿಲ್ಲ. ಅದ್ಕೇ ನನ್ನ ಮೊಗ ಒಳ್ಳೇದ್ನೇ ಆರಿಸಿ ಮಡಗವ್ನೆ!"

ಕಿಟಕಿಯ ಆಚೆಯಿಂದ ಚೆಲುವಯ್ಯ ಕೂಗಿದ: "ಅಣ್ಣ ಅಂದ್ರೆ ಇವ್ನು ಕಣ್ರಪ್ಪಾ!" ಬೀದಿಯೇ ಚಪ್ಪಾಳೆ ತಟ್ಟಿತು. ಶಿವಸ್ವಾಮಿಯೂ ಹಲ್ಲು ಕಿರಿಯಲೇಬೇಕಾಯಿತು.

ಅವ್ವನ ಶುಕ್ರವಾರ ಕಳೆದು ಬೆಳಗಾದ ಮೇಲೆ ಟೀವಿ ವ್ಯಾನು ಹತ್ತಿತು. ಬಟ್ಟೆಗಂಟು ಹಿಡಿದು ರಾಚಮ್ಮನೂ ಹತ್ತಿದಳು.

"ನೀನೆಲ್ಲಿಗವ್ವ?"

"ವಯಸ್ಸಾದ ಕಣ್ಣು ಮೊಗ. ಒಳ್ಳೆ ಟೀವಿ ಇರೊ ಕಡೇಲಿ ನಾಕು ದಿನ ಇದ್ದು ಬತ್ತೀನಿ."

ರಾಚಮ್ಮ ಹೋದದ್ದು ಶನಿವಾರ. ಭಾನುವಾರ ಮೊದಲ ಬಸ್ಸಿಗೆ, ಬಲದ ಪಾರ್ಟಿಯ ಚಿಕ್ಕಬಸಮ್ಮನೂ ನರಸೀಪುರಕ್ಕೆ ಹೊರಟಳು.